ನಾಲ್ಕನೇ ಮನೆಯ ಹೀಟರ್

"ನೀವು ನಮ್ಮವರ ಅದೀರಿ ಕೋಕಿಲಾ, ಅದಕ್ಕ ನಿಮ್ಮನ್ನ ಕಡೀಗೆ ಇಟ್ಟೀನ್ರಿ," ಎನ್ನುತ್ತ ಮನೆ ಮಾಲೀಕ ಅಣ್ಣಾಸಾಹೇಬರು ಸಂಕ್ರಾಂತಿಯ ಎಳ್ಳುಬೆಲ್ಲದ ಪೊಟ್ಟಣ ಚಾಚಿದರು. ಕೋಕಿಲಾಳ ಕೈ ಅಭ್ಯಾಸಬಲದಿಂದ ಅದನ್ನು ಇಸಿದುಕೊಂಡೂ ಬಿಟ್ಟಿತು.

ಪರದೇಶದ ಪ್ಲೇನೋ ಊರಿನ ಈ ಕಟ್ಟಡದಲ್ಲಿ ಇದ್ದದ್ದು ನಾಲ್ಕೇ ಬಾಡಿಗೆ ಮನೆ. ಹೊರಗೆ ಮೆಕ್ಯಾನಿಕ್ ಮೂರು ಮನೆಗೆ ಹೊಸ ಹೀಟರ್ ಕೂರಿಸಿ, ಹಳೆಯ ಮೂರನ್ನು ಟ್ರಕ್ಕಿಗೆ ಏರಿಸುತ್ತಿದ್ದ. ನಾಲ್ಕನೆಯದು ಡಿಸೆಂಬರ್ ಮೊದಲಲ್ಲೇ ಕೆಟ್ಟು, ಕೋಕಿಲಾಳ ಮನೆಯಲ್ಲೇ ತಣ್ಣಗೆ ಕೂತಿತ್ತು. ಮಗಳು ಇಶಾ ಕೈಗವಸು ತೊಟ್ಟು ಹೋಂವರ್ಕ್ ಬರೆಯುತ್ತಿದ್ದಳು.

"ಆ ಮೂರು ಮನಿಯವ್ರು ಸಿಟಿ ಆಫೀಸಿಗೆ ಕಂಪ್ಲೇಂಟ್ ಕೊಡೋ ಮಂದಿ. ನೀವು ಹಂಗಲ್ಲ, ಸಂಭಾಳಿಸ್ಕೊಂಡು ಹೋಗೋರು. ಮುಂದಿನ ಥಂಡಿಗೆ ನಿಮ್ಮದು ಪಕ್ಕಾ." ಅಣ್ಣಾಸಾಹೇಬರು ನಕ್ಕರು. "ತಗೋರಿ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡ್ರಿ."

ಸಂಭಾಳಿಸಿಕೊಂಡದ್ದು ನಿಜ. ಆರು ವಾರ ಮಗಳನ್ನು ಎರಡೆರಡು ಸ್ವೆಟರಿನಲ್ಲಿ ಮಲಗಿಸಿದ್ದಳು. ಹೀಟರ್ ಬಗ್ಗೆ ಕಳಿಸಿದ ಒಂದೊಂದು ಮೆಸೇಜಿನ ಕೊನೆಗೂ ‘ಅರ್ಜೆಂಟೇನಿಲ್ಲ ಅಂಕಲ್’ ಎಂದು ತಾನೇ ಸೇರಿಸಿದ್ದಳು. ಅದು ನೆನಪಾದದ್ದೇ ಮೈಯೆಲ್ಲ ಉರಿದುಹೋಯಿತು. ಇವರ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ ಸಿಟ್ಟು. ಪೊಟ್ಟಣವನ್ನು ಬಿಚ್ಚದೆ ಅವರ ಕೋಟಿನ ಜೇಬಿಗೆ ವಾಪಸ್ ತುರುಕಿದಳು.

"ಇದನ್ನ ತಿಂದ್ರೆ ಒಳ್ಳೆ ಮಾತೇ ಆಡ್ಬೇಕಲ್ಲ ಅಂಕಲ್," ಎಂದಳು ಫೋನ್ ಕೈಗೆತ್ತಿಕೊಳ್ಳುತ್ತ. "ನಂಗೀಗ ಸಿಟಿಯವರ ಹತ್ರ ಮಾತಾಡೋದಿದೆ."