ತಬಲಾ ವಾದಕರ ಕಾರು

ಮಾರಾಟಕ್ಕಿದ್ದ ಸಣ್ಣ ಕಾರಿನ ಹಿಂದಿನ ಸೀಟು ಮಡಚಿ, ಯುವಕ ತನ್ನ ಕೀಬೋರ್ಡನ್ನು ಇಟ್ಟು ನೋಡಿದ. ಸರಿಯಾಗಿ ಕೂತಿತು. ಕಾರಿನ ಮಾಲೀಕರು ಊರಿಗೆಲ್ಲ ಗೊತ್ತಿದ್ದ ತಬಲಾ ವಾದಕರು.

“ಸ್ಪೀಕರ್ ಬಾಕ್ಸ್ ಆ ಕಡೆ ಇಡ್ರಿ, ಎರಡೂ ಹಿಡಿಸ್ತಾವ,” ಎಂದು ಹೇಳಿ ಅವರು ಬಾನೆಟ್ ಎತ್ತಲು ಮುಂದೆ ಹೋದರು.

“ಬಾರಿಸೋದು ಯಾಕ ಬಿಟ್ರಿ, ಗುರುಗಳ? ಈಗ ಕಾರೂ ಮಾರಾಕತ್ತೀರಿ.”

ಅವರು ತಿರುಗಲಿಲ್ಲ. ಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಉತ್ತರಿಸಿದರು: “ಬಾರಿಸಿದ್ದು ಸಾಕು ಅಂತಾರಪ್ಪ.”

ಯುವಕ ಒಳಗೆ ಕೂತು, ಕಾರಿನಲ್ಲಿದ್ದ ಅವರದೇ ತಬಲಾ ಸಿ.ಡಿ. ಹಾಕಿ ದನಿಯನ್ನು ಪೂರ್ತಿ ಏರಿಸಿದ. ಎದುರುಮನೆಯವರು ಹೊರಗೆ ಬಂದು ನೋಡಿದರು. ಹೆಂಡತಿ ಸರಕ್ಕನೆ ಒಳಗೆ ಹೋದರು.

ಸಿ.ಡಿ. ಇನ್ನೂ ಮೊಳಗುತ್ತಿದ್ದಾಗಲೇ ತಬಲಾ ವಾದಕರು ಕಿಟಕಿಯ ಬಳಿ ಬಂದು ಬಗ್ಗಿ ನಕ್ಕರು.

“ಏನರ ಸಿ.ಡಿ. ಹಚ್ಚಿ ಕೇಳ್ರಿ. ಯಾಕ ನಾಚ್ಕೋತೀರಿ?”