ಲೈಟು ಸರಿಸುವಷ್ಟು ಹೊತ್ತು

ಫೋಟೋ ಪ್ರದರ್ಶನದ ಗಾಜಿನ ಬಾಗಿಲು ದಾಟಿ ಒಳಗೆ ಬಂದಿದ್ದೇ ಅಕ್ಕ ತಲೆ ತಗ್ಗಿಸಿದಳು. ಸುತ್ತ ಗೋಡೆಗಳ ಮೇಲೆಲ್ಲ ಆಳೆತ್ತರದ ಕಪ್ಪು ಬಿಳುಪು ಚಿತ್ರಗಳು. ಎಲ್ಲದರಲ್ಲೂ ತಂಗಿ, ಮೈಮೇಲೆ ಬಟ್ಟೆಯಿಲ್ಲದೆ.

"ಚಿತ್ರ ನೋಡೋಕೆ ಅಂತ ಬಂದು ನೆಲ ನೋಡ್ತಿದೀಯಲ್ಲಕ್ಕಾ."

"ಟೈಲ್ಸ್ ಚೆನ್ನಾಗಿವೆ," ಎಂದಳು ಅಕ್ಕ. "ನಿನ್ನ ಪಾಲಿನ ಬಟ್ಟೇನೂ ನಾನೇ ಹಾಕ್ಕೊಂಡು ಬಂದಿದೀನಿ. ಸೆಕೆ ಆಗ್ತಿದೆ."

ತಂಗಿಗೆ ನಗು ಬಂತು. ಫೋಟೋಗೆ ಹೀಗೆ ನಿಲ್ಲುವ ಈ ಕೆಲಸದ ವಿಷಯ ಗೊತ್ತಾದಾಗಿನಿಂದ ಇಬ್ಬರ ನಡುವೆ ಸರಿಯಾಗಿ ಮಾತೇ ಇರಲಿಲ್ಲ. ಅವತ್ತು ಅಕ್ಕ ಕೇಳಿದ್ದು ಒಂದೇ: "ಅಲ್ಲಿ ನಿನ್ನನ್ನ ಒಂದು ಜೀವ ಅಂತ ನೋಡ್ತಾರೇನೇ, ಇಲ್ಲಾ ಮೇಜು ಕುರ್ಚಿ ಥರಾನಾ?" ನಿನ್ನಾಣೆಗೂ ಮರ್ಯಾದೆಯಿಂದ ನೋಡ್ತಾರೆ ಎಂದಿದ್ದಳು ತಂಗಿ. ಕ್ಯಾಮೆರಾ ಕೆಳಗಿಟ್ಟ ಕೂಡಲೇ ಗೌನು ಕೊಡುತ್ತಾರೆ. ದೊಡ್ಡ ಲೈಟಿನ ಜಾಗ ಬದಲಿಸಬೇಕೆಂದರೆ ಮರಳಿನ ಚೀಲ ಎತ್ತಬೇಕು, ಸ್ಟ್ಯಾಂಡು ಎಳೆಯಬೇಕು, ವೈರು ಬಿಡಿಸಿಕೊಂಡು ಬರಬೇಕು. ಅಷ್ಟರಲ್ಲಿ ಅವಳು ಗೌನು ಹೊದ್ದು ಕೂತು ಒಂದು ಲೋಟ ಚಹಾ ಕುಡಿದು ಮುಗಿಸುತ್ತಾಳೆ. ನಿಂತು ನಿಂತು ತಲೆಸುತ್ತಿ, ಎಚ್ಚರ ತಪ್ಪಿ ಬಿದ್ದ ದಿನವಂತೂ, ಬಿದ್ದ ಕ್ಷಣವೇ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದರಂತೆ. ಅಕ್ಕ ಯಾವುದನ್ನೂ ನಂಬಿರಲಿಲ್ಲ. ಕಣ್ಣಾರೆ ನೋಡಲಿ ಎಂದೇ ಇವತ್ತು ಕಾಡಿ ಬೇಡಿ ಕರೆತಂದಿದ್ದಳು.

ಕೊನೆಯ ಗೋಡೆಯಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಇದ್ದವು. ಎರಡರಲ್ಲೂ ನೆಲದ ಮೇಲೆ ಮಗ್ಗುಲಾಗಿ ಮಲಗಿದ ತಂಗಿ. ಕೆಳಗೆ 'ನಿದ್ರೆ' ಎಂದು ಬರೆದಿತ್ತು. ಅಕ್ಕ ಅಲ್ಲಿ ತಲೆ ಎತ್ತಿದಳು. ತುಂಬಾ ಹೊತ್ತು ನೋಡಿದಳು.

"ಚಿಕ್ಕವಳಿದ್ದಾಗ ನನ್ನ ಪಕ್ಕ ಹೀಗೇ ಬಾಯಿ ಬಿಟ್ಕೊಂಡು ಮಲಗ್ತಿದ್ದೆ, ದಿಂಬಿಗೆಲ್ಲಾ ಜೊಲ್ಲು. ಚೆನ್ನಾಗಿದೆ ಕಣೇ. ಅಸಹ್ಯ ಅನ್ನಿಸ್ತಿಲ್ಲ. ನಾನೇ ಸುಮ್ನೆ ರಂಪ ಮಾಡಿದ್ನೇನೋ."

ಇಷ್ಟು ದಿನ ಕಾದಿದ್ದ ಮಾತು ಅದು. ತಂಗಿಯ ಕಿವಿಗೆ ಬೀಳಲಿಲ್ಲ. ಮಲಗಿದ ಭಂಗಿಯನ್ನು ಅವಳು ಎಂದೂ ಕೊಟ್ಟಿರಲಿಲ್ಲ. ಎಡಗಡೆಯ ಚಿತ್ರದಲ್ಲಿ ಕೂದಲು ಮುಖದ ಮೇಲೆ ಚೆಲ್ಲಿತ್ತು, ನೆರಳು ಪಕ್ಕಕ್ಕೆ ಬಿದ್ದಿತ್ತು. ಬಲಗಡೆಯದರಲ್ಲಿ ಕೂದಲು ಕಿವಿಯ ಹಿಂದೆ ಸೇರಿತ್ತು, ನೆರಳು ಮುಂದಕ್ಕೆ ಚಾಚಿತ್ತು. ಲೈಟು ಬೆನ್ನ ಹಿಂದಕ್ಕೆ ಬಂದಿತ್ತು. ಆ ಲೈಟು ತಾನಾಗಿ ನಡೆದು ಬರುವಂಥದ್ದಲ್ಲ.

ಛಾಯಾಗ್ರಾಹಕ ನಗುತ್ತ ಹತ್ತಿರ ಬಂದ. "ಎಲ್ಲರೂ ಇದರ ಮುಂದೇನೇ ನಿಲ್ತಿದಾರೆ ನೋಡಿ."

"ಸರ್, ಇದು ನಾನು ಬಿದ್ದ ದಿನ ಅಲ್ವಾ?"

"ಹೌದು."

"ಎರಡನೇದಕ್ಕೆ ಲೈಟು ಹಿಂದೆ ಹೋಗಿದೆ."

"ಗುರುತು ಹಿಡಿದ್ರಲ್ಲ!" ಅವನ ಮುಖ ಅರಳಿತು. "ಮೊದಲನೇದು ಸಪ್ಪೆ. ಹಿಂದಿನಿಂದ ಬೆಳಕು ಕೊಟ್ಟ ಮೇಲೇ ಭುಜದ ಗೆರೆ ಎದ್ದು ಬಂದಿದ್ದು. ಕೂದಲು ಅಡ್ಡ ಬರ್ತಿತ್ತು, ನಾನೇ ಸರಿಸಿದೆ."

"ನೀರು..."

"ಕೊಟ್ವಲ್ಲ, ಮುಗಿದ ತಕ್ಷಣ." ಅವನ ಕಣ್ಣು ಚಿತ್ರದ ಮೇಲೇ ಇತ್ತು. "ಬೇಜಾರು ಮಾಡ್ಕೋಬೇಡಿ, ಎಚ್ಚರ ಇದ್ದಾಗ ನಿಮ್ಮ ಮೈ ಯಾವತ್ತೂ ಹೇಳಿದ ಮಾತನ್ನ ಇಷ್ಟು ಚೆನ್ನಾಗಿ ಕೇಳಿಲ್ಲ."

ಕತ್ತಿನವರೆಗೆ ಬಟ್ಟೆ ಹಾಕಿಕೊಂಡು ನಿಂತಿದ್ದ ತಂಗಿ ಎರಡೂ ತೋಳುಗಳನ್ನು ಎದೆಗೆ ಅಡ್ಡ ತಂದುಕೊಂಡಳು.

ಅಕ್ಕ ಚಿತ್ರದ ಹತ್ತಿರ ಹೋದಳು. ಉಸಿರಿದೆಯೇ ಎಂದು ನೋಡುವವರ ಹಾಗೆ, ಗಾಜಿನ ಮೇಲೆ, ನೆಲಕ್ಕೆ ಬಿದ್ದವಳ ಮೂಗಿನ ಕೆಳಗೆ ಬೆರಳು ಹಿಡಿದಳು.