ಲಾಲಬೀ ಮನೆಯ ಫ್ರಿಜ್

ವೃದ್ಧಾಪ್ಯ ವೇತನದವರ ಮನೆಗಳನ್ನು ನೋಡಲು ಊರಿನ ಕಂದಾಯ ಲೆಕ್ಕ ನೋಡುವ ತಲಾಟಿ ಮೇಡಂ ಬಂದಿದ್ದಾರೆಂಬ ಸುದ್ದಿ ನವಲಿಯ ಆ ಓಣಿಗೆ ಮುಟ್ಟಿದಾಗ ಹೊಳಿಯಮ್ಮ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. "ಫ್ರಿಜ್ ಇದ್ದವರ ಪಗಾರ ಬಂದ್ ಅಂತ!" ಎಂದು ಯಾರೋ ಒದರಿಕೊಂಡು ಹೋದರು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಪಕ್ಕದ ಮನೆಯ ಲಾಲಬೀಯನ್ನು ಕರೆತಂದಳು.

ಹೊಳಿಯಮ್ಮನ ಮನೆಯಲ್ಲಿ ಫ್ರಿಜ್ ಇದ್ದದ್ದು ನಿಜ. ತಾನು ಕಸಮುಸುರೆ ಮಾಡುವ ಸಾಹುಕಾರರ ಮನೆಯವರು ಕೆಟ್ಟಿತೆಂದು ಕೊಟ್ಟದ್ದು. ಕರೆಂಟು ಕೊಟ್ಟರೂ ಉಸಿರಿಲ್ಲ. ಇಲಿ, ಗೆದ್ದಲು ಹತ್ತದಂತೆ ಸಾಮಾನು ಇಡಲು ಕಪಾಟಾಗಿತ್ತು, ಅಷ್ಟೇ. ಆದರೆ ಸರಕಾರಕ್ಕೆ ಅದನ್ನು ತಿಳಿಸಿ ಹೇಳುವವರು ಯಾರು? ಪಗಾರ ನಿಂತರೆ ಬಿಪಿ ಗುಳಿಗೆಯೂ ನಿಂತಂತೆ.

"ನಮ್ಮ ಮನ್ಯಾಗ ಇಡೂಣು ತಗೀ," ಎಂದಳು ಲಾಲಬೀ. ಮುದುಕಿಯರಿಬ್ಬರೂ ಗೋಣಿಚೀಲದ ಮೇಲೆ ಅದನ್ನು ಎಳೆದುಕೊಂಡು ಹೋಗಿ ಮೂಲೆಗೆ ನಿಲ್ಲಿಸಿದರು. ಊರೂರು ತಿರುಗಿ ಬಳೆ ಮಾರುತ್ತಿದ್ದ ಲಾಲಬೀ ಕಾಲು ಸೋತ ಮೇಲೆ, ಹೋದ ತಿಂಗಳಷ್ಟೇ ಪಗಾರಕ್ಕೆ ಅರ್ಜಿ ಹಾಕಿದ್ದಳು. ಹೊಸ ಅರ್ಜಿಯವರ ಮನೆಯನ್ನೂ ನೋಡುತ್ತಾರೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ತಲಾಟಿ ಸುರೇಖಾ ಮೇಡಂ ಮೊದಲು ಕಾಲಿಟ್ಟದ್ದೇ ಅಲ್ಲಿ. ಹೊಳಿಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ದುಡಿಮಿ ಏನೈತ್ರಿ?"

"ಬಳಿ ಮಾರತಿದ್ದೆ. ಈಗ ಮೊಣಕಾಲು ಮಾತ ಕೇಳವಲ್ವರಿ."

"ಈ ಫ್ರಿಜ್ ಯಾರದು?"

ಲಾಲಬೀ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. "ನಂದ್ರೀ," ಎಂದಳು.

ಮೇಡಂ ಏನೋ ಬರೆದುಕೊಂಡರು. ಹೊಳಿಯಮ್ಮ ಬಾಗಿಲಲ್ಲೇ ಲೆಕ್ಕ ಹಾಕಿದಳು: ಬಾಯಿ ಬಿಟ್ಟರೆ ತನ್ನ ಪಗಾರ, ಬಿಡದಿದ್ದರೆ ಲಾಲಬೀಯದು ಹೋಗುತ್ತದೆ. ಒಂದು ಗಳಿಗೆ ಅವಳು ಸುಮ್ಮನೇ ಇದ್ದಳು. ಆ ಒಂದು ಗಳಿಗೆಗೆ ಆಮೇಲೆ ಬಹಳ ದಿನ ನಾಚಿದಳು. ಮೇಡಂ ಹಾಳೆ ಮಗುಚುತ್ತಲೇ ಹೊಳಿಯಮ್ಮ ಒಳಗೆ ನುಗ್ಗಿ ಫ್ರಿಜ್ಜಿನ ಬಾಗಿಲು ತೆರೆದಳು. ಕೆಳಗೆ ಹಿಟ್ಟಿನ ಡಬ್ಬಿ, ಬೇಳೆಯ ಗಂಟು. ಮೇಲಿನ ಹಲಗೆಯ ಮೇಲೆ ರುಮಾಲು ಸುತ್ತಿದ ಗಂಡಸಿನ ಫೋಟೋ.

"ನನ್ನ ಗಂಡ ಅದಾನ ನೋಡ್ರಿ ಇದರಾಗ. ಇದು ನಂದ್ರೀ ಮೇಡಂ. ನನ್ನ ಹೆಸರು ತಗದ್ರೂ ತಗೀರಿ, ಆಕಿದು ಕೆಡಸಬ್ಯಾಡ್ರಿ."

ಸುರೇಖಾ ಫೋಟೋ ನೋಡಿದರು, ಹಿಟ್ಟು ಹತ್ತಿದ ಅವಳ ಕೈ ನೋಡಿದರು. ನಗು ತಡೆಯಲಾಗಲಿಲ್ಲ, ಕಣ್ಣೂ ತೇವವಾಯಿತು.

"ಫ್ರಿಜ್ ಇದ್ರ ಪಗಾರ ಹೋಗತೈತಿ ಅಂತ ಯಾರ ಹೇಳ್ಯಾರ ಯವ್ವಾ? ನಾ ಕೇಳೂದು ವರ್ಷದ ಆದಾಯ. ಅದಂತೂ ನಿಮ್ಮಿಬ್ಬರದೂ ಮಿತಿಯೊಳಗ ಐತಿ. ಇಬ್ಬರದೂ ಬರದು ಕಳಸ್ತೀನಿ."

ಹೊಳಿಯಮ್ಮ ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಹೊರಡುವಾಗ ಮೇಡಂ ಲಾಲಬೀಯನ್ನು ಕೇಳಿದರು: "ನಿಮ್ಮದಲ್ಲದ್ದನ್ನ ನಂದು ಅಂದ್ರೆಲ್ಲ, ಪಗಾರ ಸಿಗಂಗಿಲ್ಲ ಅಂತ ಅಂಜಿಕಿ ಬರಲಿಲ್ಲೇನು?"

"ಬಂತ್ರೀ," ಎಂದಳು ಲಾಲಬೀ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. "ಆದ್ರ ಪಗಾರದ ರುಚಿ ನನಗ ಇನ್ನಾ ಗೊತ್ತಿಲ್ಲ. ಆಕಿಗೆ ಗೊತ್ತೈತಿ ನೋಡ್ರಿ."